ರೊಟ್ಟಿ ಮಾಡಿ ತಿನ್ನದೆ ಹೋದ ದೊಡ್ಡವ್ವನಿಗೆ

ದೊಡ್ಡವ್ವಾ,

ನಿನಗೆ ಓದಲು ಬರುವುದಿಲ್ಲ ಎಂಬುದು ಗೊತ್ತಿದ್ದೂ ಪತ್ರ ಬರೆಯಲು ಕೂತಿದ್ದೇನೆ. ನೀನಿರುವಲ್ಲಿ ಓದಿ ಹೇಳುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಸಿಗದಿದ್ದರೆ ನೀನೇ ಯಾರನ್ನಾದರೂ ಹಿಡಿದು ತಂದು ಎದುರಿಗೆ ಕೂರಿಸಿಕೊಳ್ಳುತ್ತೀ. ನಮ್ಮ ಬುಕ್ಕಸಾಗರದಲ್ಲಿ ಶಾಲೆಗೆ ಹೋಗುವ ಮಕ್ಕಳನ್ನೆಲ್ಲ ಹಾಗೆ ಹಿಡಿದು ಓದಿಸಿಕೊಂಡವಳಲ್ಲವೇ ನೀನು? ನಾನು ಒಂದು ಸಾಲು ಹಾರಿಸಿದರೂ ಸಾಕು, "ಲೇ ಯೋಸಪ್ಪ, ಅಲ್ಲೊಂದು ಮಾತಿತ್ತಲ್ಲ, ನುಂಗಿದೇನು?" ಎನ್ನುತ್ತಿದ್ದೆ. ಅಕ್ಷರ ಬಾರದವಳಿಗೆ ಅದು ಹೇಗೆ ತಿಳಿಯುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಈ ಪತ್ರದಲ್ಲಿ ಏನನ್ನೂ ಹಾರಿಸುವುದಿಲ್ಲ. ಹಾರಿಸಿಬಿಡೋಣ ಅನ್ನಿಸುವ ಒಂದು ವಿಷಯವಿದೆ. ಅದನ್ನೂ ಬರೆಯುತ್ತೇನೆ.

ಶನಿವಾರ ಸಂಜೆ ನಿನ್ನ ಒಲೆಯ ಮೇಲೆ ಕುದಿಯುತ್ತಿದ್ದ ಒಣದ್ರಾಕ್ಷಿಯ ಘಮ ನೆನಪಾಗುತ್ತದೆ. ನಮ್ಮ ತಗಡಿನ ಚಾವಣಿಯ ಸಣ್ಣ ಚರ್ಚಿಗೆ ಪಾಸ್ಟರ್ ಅಯ್ಯನವರು ಹೊಸಪೇಟೆಯಿಂದ ಬರುತ್ತಿದ್ದುದು ತಿಂಗಳಿಗೊಮ್ಮೆ, ಮೊದಲ ಭಾನುವಾರ. ಉಳಿದ ಭಾನುವಾರಗಳು ಕಂಪ್ಲಿ, ಸಂಡೂರು, ಬಂಡ್ರಿಯವರ ಪಾಲು. ಅವರು ಬಂದ ದಿನವೇ ನಮಗೆ ಪ್ರಭು ಭೋಜನ, ಪ್ರಭುವಿನ ನೆನಪಿಗೆ ಎಲ್ಲರೂ ಹಂಚಿಕೊಳ್ಳುವ ತುಣುಕು ರೊಟ್ಟಿ, ಗುಟುಕು ರಸ. ಅದಕ್ಕೆ ಬೇಕಾದ ಹುಳಿಯಿಲ್ಲದ ಗೋಧಿ ರೊಟ್ಟಿ, ದ್ರಾಕ್ಷಾರಸ ಎರಡೂ ನಿನ್ನ ಮನೆಯಲ್ಲೇ ತಯಾರಾಗಬೇಕು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ನೀನು. ಹಾಗಾಗಿ ಹೊಸಪೇಟೆಯಿಂದ ಒಣದ್ರಾಕ್ಷಿ ತರುವ ಕೆಲಸ ನನ್ನದು. ಬಸ್ಸಿನಲ್ಲಿ ಕೂತು ಪೊಟ್ಟಣದ ಮೂಲೆಗೊಂದು ತೂತು ಮಾಡಿ, ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ ಬರುತ್ತಿದ್ದೆ. ನೀನು ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡಿ, "ಈ ಸಲದ ದ್ರಾಕ್ಷಿ ಭಾಳ ಒಣಗ್ಯಾವ ನೋಡು, ದಾರ್ಯಾಗ ತೂಕ ಇಳದಾವ. ರುಚಿ ನೋಡಾಕ ದೇವರು ನಿನ್ನ ಕಳಿಸಿದ್ನೇನು?" ಎನ್ನುತ್ತಿದ್ದೆ. ಅಷ್ಟೇ ನಿನ್ನ ಬೈಗುಳ. ಆಮೇಲೆ ಸೋಸಿದ ಬಟ್ಟೆಯಲ್ಲಿ ಉಳಿದ ಚರಟವನ್ನು ನನ್ನ ಕೈಗೇ ಕೊಡುತ್ತಿದ್ದೆ.

ಕಾಲುವೆಗೆ ನೀರು ಬಿಟ್ಟ ಮೇಲೆ ಬರುತ್ತಿದ್ದ ನಾಟಿಯ ದಿನಗಳು ನೆನಪಾಗುತ್ತವೆ. ನಾಟಿ ಹಚ್ಚುವ ಹೆಂಗಸರ ಗುಂಪಿಗೆ ನೀನೇ ಮುಂದಾಳು. ಎಲ್ಲರೂ ಸಾಲಾಗಿ ಬಗ್ಗಿ, ಹಿಂದಕ್ಕೆ ಸರಿಯುತ್ತ ಸಸಿ ಊರುವಾಗ ಒಬ್ಬಳು ತಡವಾದರೂ ಸಾಲು ಮುರಿಯುತ್ತದೆ. ರೂತಮ್ಮನಿಗೆ ಸೊಂಟನೋವು. ಅವಳನ್ನು ನಿನ್ನ ಪಕ್ಕಕ್ಕೇ ಹಾಕಿಕೊಂಡು, ಮಾತಾಡಿಸುತ್ತ ಮಾತಾಡಿಸುತ್ತ, ಅವಳ ಪಾಲಿನದರಲ್ಲೂ ಅರ್ಧವನ್ನು ನೀನೇ ಊರಿಬಿಡುತ್ತಿದ್ದೆ. ಗದ್ದೆಯ ಗೌಡರು ಬದುವಿನ ಮೇಲೆ ಕೊಡೆ ಹಿಡಿದು ನಿಂತು, "ಯಾರಬೇ ಅದು ತಡಾ ಮಾಡಾಕಿ?" ಎಂದು ಕೂಗಿದರೆ, ನೀನು ತಲೆ ಎತ್ತದೆಯೇ, "ಯಾರೂ ಇಲ್ರಿ ಗೌಡ್ರ, ಬಿಸಿಲಿಗೆ ನಿಮಗ ಹಂಗ ಕಾಣ್ತೈತಿ" ಎನ್ನುತ್ತಿದ್ದೆ. ಗೌಡರು ಕೊಡೆಯೊಳಗಿನಿಂದ ಸೂರ್ಯನನ್ನು ನೋಡುತ್ತಿದ್ದರು. ರೂತಮ್ಮ ಕೆಸರಿನೊಳಗೇ ಮುಖ ಬಗ್ಗಿಸಿಕೊಂಡು ನಗುತ್ತಿದ್ದಳು.

ಆ ಬದುವೇ ನಮ್ಮ ಪಾಠಶಾಲೆಯೂ ಆಗಿತ್ತು. ಹದಿನಾಲ್ಕು ಹದಿನೈದರ ವಯಸ್ಸಿಗೆ ಬಂದ ನಾವು ಪ್ರಭು ಭೋಜನಕ್ಕೆ ಸೇರಬೇಕಾದರೆ ಪಾಸ್ಟರ ಮುಂದೆ ನಿಂತು ನಾವು ನಂಬುವುದೇನೆಂದು ಸಾಲುಸಾಲಾಗಿ ಹೇಳುವ ವಿಶ್ವಾಸ ಪ್ರಮಾಣವನ್ನು ಬಾಯಿಪಾಠ ಒಪ್ಪಿಸಬೇಕಿತ್ತು. ಒಪ್ಪಿಸಿದವರಿಗೆ ದೃಢೀಕರಣ, ಆಮೇಲೆ ಎಲ್ಲರಂತೆ ಎದ್ದು ಹೋಗಿ ರೊಟ್ಟಿಗೆ ಕೈ ಚಾಚಬಹುದು. ರಜೆಯ ದಿನ ನಮ್ಮನ್ನು ಬದುವಿನ ಮೇಲೆ ಕೂರಿಸಿ ನೀನು ಗದ್ದೆಯೊಳಗಿಂದ ಪಾಠ ಕೇಳುತ್ತಿದ್ದೆ. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಕೆಸರಿನಲ್ಲಿ, ಕಿವಿ ಮಾತ್ರ ನಮ್ಮ ಕಡೆ. "ಮುಂದ? ಮುಂದೇನಲೇ? ನೀ ಮೆಲ್ಲಕ ಹೇಳಿದ್ರ ತಪ್ಪು ಕೇಳಂಗಿಲ್ಲ ಅನ್ಕೊಂಡೀಯೇನು? ಗಟ್ಟಿ ಹೇಳು!" ನಮ್ಮೂರಿನಲ್ಲಿ ದೃಢೀಕರಣವಾದವರೆಲ್ಲ ಹಾಗೆ ನಿನ್ನ ಕೈಕೆಳಗೆ ಹಾದು ಹೋದವರೇ. ಒಬ್ಬರೂ ತಪ್ಪಲಿಲ್ಲ. ನಿನಗೆ ಒಂದಕ್ಷರವೂ ತಪ್ಪದೆ ಬರುತ್ತಿತ್ತಲ್ಲ...

ನಾನು ಮೊದಲ ಬಾರಿಗೆ ರೊಟ್ಟಿ ತೆಗೆದುಕೊಂಡ ಭಾನುವಾರ ಕಣ್ಣಿಗೆ ಕಟ್ಟಿದಂತಿದೆ. ಹೊಸ ಅಂಗಿಯ ಕಾಲರು ಕುತ್ತಿಗೆ ಕೊರೆಯುತ್ತಿತ್ತು. ತಿಂದು ವಾಪಸ್ ಬರುವಾಗ ನಿನ್ನನ್ನು ಹುಡುಕಿದೆ. ನೀನು ಹಿಂಬಾಗಿಲ ಹತ್ತಿರ ಬಕೆಟ್ಟಿನ ನೀರಿನಲ್ಲಿ ಸಣ್ಣ ಲೋಟಗಳನ್ನು ಅದ್ದಿ ತೆಗೆಯುತ್ತಿದ್ದೆ. ನನ್ನನ್ನು ನೋಡಿ ಹಲ್ಲೆಲ್ಲ ಕಾಣುವಂತೆ ನಕ್ಕೆ. ಪ್ರತಿ ತಿಂಗಳೂ ಆ ಹೊತ್ತಿಗೆ ನಿನಗೆ ಅಲ್ಲೇ ಏನಾದರೊಂದು ಕೆಲಸವಿರುತ್ತಿತ್ತು. ನೀನು ಮೊದಲೇ ತೆಗೆದುಕೊಂಡಿರುತ್ತೀ, ಇಲ್ಲವೇ ಎಲ್ಲರದೂ ಆದ ಮೇಲೆ ತೆಗೆದುಕೊಳ್ಳುತ್ತೀ ಎಂದು ನಾನು ಅಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು. ರೊಟ್ಟಿ ಮಾಡಿದವಳೇ ಅದನ್ನು ತಿಂದಿಲ್ಲ ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ನೀನು ಹೇಳುತ್ತಿದ್ದ ಕಥೆಗಳಲ್ಲಿ ಮೀನು ಸುಡುವ ಕಥೆ ನನಗೆ ಬಹಳ ಇಷ್ಟ. ನಿನ್ನ ಕಥೆಯಲ್ಲಿ ಎಲ್ಲವೂ ನಮ್ಮ ತುಂಗಭದ್ರೆಯ ದಂಡೆಯಲ್ಲೇ ನಡೆಯುತ್ತಿತ್ತು. ಮೀನುಗಾರರು ಹರಿಗೋಲಿನಲ್ಲಿ ಬರುತ್ತಿದ್ದರು. ಕಷ್ಟದ ದಿನ ಸ್ವಾಮಿಯನ್ನು ಬಿಟ್ಟು ಓಡಿಹೋದವರು, ಗುರುತೇ ಇಲ್ಲ ಎಂದವರು. ಸತ್ತು ಎದ್ದ ಸ್ವಾಮಿ ಅವರಿಗಿಂತ ಮೊದಲೇ ದಂಡೆಗೆ ಬಂದು ಕೆಂಡ ಮಾಡಿ ಮೀನು ಸುಡುತ್ತ ಕೂತಿದ್ದಾನೆ. "ಅವರು ಹೆದರಿ ಹೆದರಿ ಹತ್ರ ಬಂದ್ರು. ಈಗ ಬೈತಾನ, ಈಗ ಬೈತಾನ ಅಂತ. ಅವ ಏನಂದ ಹೇಳು?" ಎಂದು ನೀನು ಕೇಳುತ್ತಿದ್ದೆ. ಗೊತ್ತಿದ್ದರೂ ನಾವು ಹೇಳುತ್ತಿರಲಿಲ್ಲ, ನಿನ್ನ ಬಾಯಿಂದಲೇ ಕೇಳಬೇಕಿತ್ತು. "ಹೊಟ್ಟಿ ಹಸದಿರತೈತಿ, ಬರ್ರಿ, ಉಣ್ರಿ ಅಂದ. ಅಷ್ಟ." ಈ ಕಥೆಯನ್ನು ಅಷ್ಟು ಸಲ ಹೇಳಿದ ನಿನಗೆ, ದೊಡ್ಡವ್ವಾ, ಆ ಕೆಂಡದ ಸುತ್ತ ನಿನಗೂ ಜಾಗ ಇದೆ ಎಂದು ಒಂದು ಸಲವೂ ಅನ್ನಿಸಲಿಲ್ಲವೇ?

ಕಂಪ್ಲಿಯ ನೆಂಟರ ಮದುವೆಗೆ ನಿನ್ನನ್ನು ಕರೆದುಕೊಂಡು ಹೋಗಿದ್ದು ಹೋದ ವರ್ಷದ ಬೇಸಿಗೆಯಲ್ಲಿ. ಅಷ್ಟರಲ್ಲಿ ನಾನು ಹೊಸಪೇಟೆಯಲ್ಲಿ ಮನೆ ಮಾಡಿ, ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟಿನವರನ್ನು ಸಾಗಿಸುವ ಬಸ್ಸಿನ ಡ್ರೈವರಾಗಿ ಬಹಳ ವರ್ಷಗಳಾಗಿದ್ದವು. ಊಟ ಮುಗಿಸಿ ಹೊರಟವಳು ನಿನ್ನ ತವರಿನ ಹಳೆಯ ಚರ್ಚಿನ ಬಾಗಿಲ ಮುಂದೆ ನಿಂತುಬಿಟ್ಟೆ.

"ನಡಿ ದೊಡ್ಡವ್ವ, ಬಸ್ಸಿಗೆ ಹೊತ್ತಾತು."

"ತಡಿಯಲೇ. ಇಲ್ಲೇ ನೋಡು ನಾ ಫೇಲಾಗಿದ್ದು."

"ಸಾಲಿ ಮೆಟ್ಟಲ ಹತ್ತದಾಕಿ, ಫೇಲ್ ಎಲ್ಲಾದೀಬೇ?"

ಆಗ ಹೇಳಿದೆ. ಹದಿನೈದು ವರ್ಷದ ಹುಡುಗಿ ನೀನು, ಉಳಿದ ಹುಡುಗಿಯರ ಜೊತೆ ಸಾಲಾಗಿ ನಿಂತಿದ್ದೆ. ಆಗಿನ ಪಾಸ್ಟರು ವಯಸ್ಸಾದವರು, ಕಟ್ಟುನಿಟ್ಟಿನವರು. ಮೂರು ಸಾಲು ಸರಿಯಾಗಿ ಒಪ್ಪಿಸಿದ ನಿನಗೆ ನಾಲ್ಕನೆಯದು ಬಾಯಿಗೆ ಬರಲಿಲ್ಲ. ಅವರು ಬೈಯಲಿಲ್ಲವಂತೆ. "ಕುಂದ್ರಮ್ಮಾ, ಮುಂದಿನ ಸಲ ನೋಡೋಣ" ಎಂದರಂತೆ. ಮುಂದಿನ ಸಲ ಬರುವಷ್ಟರಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಯಿತು, ನಿನಗೆ ಬುಕ್ಕಸಾಗರಕ್ಕೆ ಮದುವೆಯಾಯಿತು.

"ಹಂಗಾರ ಇವತ್ತಿನ ತನಕ ನೀ ಪ್ರಭು ಭೋಜನ ತಗೊಂಡೇ ಇಲ್ಲೇನು?"

"ಹೆಂಗ ತಗೊಳ್ಲೆಪ್ಪ? ಕುಂದ್ರು ಅಂದಾರ. ಏಳು ಅಂತ ಯಾರೂ ಅಂದಿಲ್ಲ."

"ಊರ ಮಂದಿಗೆಲ್ಲ ಕಲಿಸಿದಾಕಿ ನೀನ!"

"ಕಲಿಸೋದು ಬ್ಯಾರೆ, ಪಾಸಾಗೋದು ಬ್ಯಾರೆ." ಆಮೇಲೆ ನನ್ನ ಮುಖ ನೋಡದೆ ಹೇಳಿದೆ: "ನೀ ನಾಕು ಮಂದ್ಯಾಗ ತಿರಗೋನು. ಈಗಿನ ಅಯ್ಯನೋರ್ನ ಒಂದು ಮಾತು ಕೇಳು. ಈಗ ಒಪ್ಪಿಸಿದ್ರ ನಡೀತೈತೇನು ಅಂತ. ಮುದುಕಿ ಅಂತ ಅವರು ನಗಬಾರದು ಮತ್ತ."

ಅವರು ನಗುವುದಿರಲಿ, ಅಲ್ಲೇ ನಕ್ಕವನು ನಾನು. ಇಷ್ಟು ಸಣ್ಣ ಮಾತಿಗೆ ಇಷ್ಟು ವರ್ಷವೇ ಎಂದು ನಕ್ಕೆ. ನೀನೂ ನಕ್ಕೆ. ಆದರೆ ನಿನ್ನ ಕಣ್ಣು ನಗಲಿಲ್ಲ. ಅದು ಕಂಡರೂ ನಾನು ಕಾಣದವನಂತೆ ಬಸ್ಸಿನ ಕಡೆ ನಡೆದೆ.

ಆಮೇಲಿನ ತಿಂಗಳುಗಳನ್ನು ನೆನೆಸಿಕೊಂಡರೆ... ಇದೇ ನಾನು ಹಾರಿಸಬೇಕೆಂದಿದ್ದ ವಿಷಯ. ಮೊದಲ ಭಾನುವಾರ ನನಗೆ ಬೆಳಗಿನ ಶಿಫ್ಟು, ಊರಿಗೆ ಬರಲಾಗಲಿಲ್ಲ. ಮರುತಿಂಗಳು ಅಯ್ಯನವರಿಗೆ ಬಂಡ್ರಿಯಲ್ಲಿ ಮಣ್ಣಿಗೆ ಹೋಗುವ ಅವಸರ. ಅದರ ಮುಂದಿನ ತಿಂಗಳು ಅವರು ನನ್ನ ಪಕ್ಕದಲ್ಲೇ ಕೂತು ಚಹಾ ಕುಡಿದರು. ನಾವು ರಸ್ತೆಯ ಗುಂಡಿಗಳ ಬಗ್ಗೆ, ಅವರ ಬೈಕಿನ ಕ್ಲಚ್ಚಿನ ಬಗ್ಗೆ ಮಾತಾಡಿದೆವು. ನೀನು ಲೋಟ ತೊಳೆಯುತ್ತ ಎರಡು ಸಲ ನಮ್ಮ ಕಡೆ ನೋಡಿದೆ. ನನಗೆ ಮರೆತೇ ಹೋಗಿತ್ತು. ಅವರು ಹೋದ ಮೇಲೆ ನೆನಪಾಗಿ, "ಮುಂದಿನ ಸಲ ಖಂಡಿತ ಕೇಳ್ತೀನಿ ದೊಡ್ಡವ್ವ" ಎಂದೆ. "ಆತೇಳಪ್ಪ, ಅವಸರ ಏನೈತಿ" ಎಂದೆ ನೀನು. ಐವತ್ತು ವರ್ಷದ ಹಿಂದೆ ಕಂಪ್ಲಿಯಲ್ಲಿ ನಿನಗೆ ಹೇಳಿದ ಮಾತನ್ನೇ ನಾನೂ ಹೇಳಿದೆನಲ್ಲ, ಅದು ನಿನಗೆ ಆಗಲೇ ಗೊತ್ತಾಗಿತ್ತೇ?

ನಾಟಿಯ ದಿನಗಳಲ್ಲೇ ನಿನಗೆ ಜ್ವರ ಬಂತು. ಮೂರೇ ದಿನ. ಬುಧವಾರ ಮಧ್ಯಾಹ್ನ ನಾನು ಬಸ್ಸು ನಿಲ್ಲಿಸಿ ಓಡಿ ಬರುವಷ್ಟರಲ್ಲಿ ರೂತಮ್ಮ ನಿನ್ನ ಕಾಲಿನ ಬೆರಳುಗಳನ್ನು ಜೋಡಿಸಿ ಕಟ್ಟುತ್ತಿದ್ದಳು. ಮಣ್ಣು ಮಾಡಲು ಅಯ್ಯನವರು ಬಂದರು, ನಿನ್ನ ಸೇವೆಯ ಬಗ್ಗೆ ಒಳ್ಳೆಯ ಮಾತಾಡಿದರು. ಆ ವಿಷಯವನ್ನು ಮಾತ್ರ ನಾನು ಆಗಲೂ ಹೇಳಲಿಲ್ಲ.

ನೀನಿಲ್ಲದ ಮೊದಲ ಭಾನುವಾರ ಏನಾಯಿತು ಗೊತ್ತೇ? ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು. ತಟ್ಟೆ ಖಾಲಿ, ಹೂಜಿ ಖಾಲಿ. ಅಯ್ಯನವರು ಪ್ರಾರ್ಥನೆ ಮುಗಿಸಿ ಕಣ್ಣು ಬಿಟ್ಟು, "ರೊಟ್ಟಿ ಎಲ್ಲಿ?" ಎಂದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅದು ತಾನಾಗಿಯೇ ಮೇಜಿನ ಮೇಲೆ ಬಂದು ಕೂರುವ ವಸ್ತು ಎಂದು ಎಲ್ಲರೂ ತಿಳಿದಂತಿತ್ತು. ಕೊನೆಗೆ ರೂತಮ್ಮ ಎದ್ದು, "ಅದು ಕರುಣಮ್ಮ ತರತಿದ್ಲು ಅಯ್ಯನೋರ. ಇನ್ನ ಮ್ಯಾಲ ಯಾರ ತರಬೇಕು ಅಂತ ಯಾರಿಗೂ ಹೊಳೀಲಿಲ್ಲ ನೋಡ್ರಿ" ಎಂದಳು. ಅವತ್ತು ಪ್ರಭು ಭೋಜನವಿಲ್ಲದೆಯೇ ಎಲ್ಲರೂ ಮನೆಗೆ ಹೋದರು.

ಅಯ್ಯನವರು ಬೈಕ್ ಹತ್ತುವಾಗ ಹಿಡಿದು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಕಂಪ್ಲಿಯ ಬಾಗಿಲು, ನಾಲ್ಕನೆಯ ಸಾಲು, ನನ್ನ ಮರೆವು. ಅವರು ನನ್ನನ್ನು ಬೈಯಲಿ ಎಂದೇ ಕಾಯುತ್ತಿದ್ದೆ. ಆ ಹುಡುಗ ವಯಸ್ಸಿನ ಪಾಸ್ಟರು ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟರು.

"ಯೋಸಪ್ಪಣ್ಣ, ನೀವು ಮರೆತದ್ದು ನಾಕು ತಿಂಗಳು. ನಾನು ನಾಕು ವರ್ಷದಿಂದ ಅವರ ಕೈಯಿಂದ ರೊಟ್ಟಿ ಇಸಕೊಂಡೀನಿ. ಅವರ ಕೈಗೆ ಒಂದು ತುಣುಕು ಇಟ್ಟಿಲ್ಲ. ಯಾಕ ಅಂತ ಕೇಳಿನೂ ಇಲ್ಲ. ಬಾಯಿಪಾಠ ಇರೋದು ಕಲಿಯಾಕ, ಹೊರಗ ಇಡಾಕ ಅಲ್ರಿ. ಇದನ್ನ ಯಾರಾದರೂ ಅವರಿಗೆ ಹೇಳಬೇಕಿತ್ತು. ನಾನ ಹೇಳಬೇಕಿತ್ತು" ಎಂದರು.

ಆಮೇಲೆ ಹೆಂಗಸರು ಸರದಿಯ ಮೇಲೆ ರೊಟ್ಟಿ ಮಾಡತೊಡಗಿದರು. ನಾನು ಮಾತ್ರ ಅದನ್ನು ತಿನ್ನಲಾರದೆ ಹೋದೆ. ನಿನ್ನನ್ನು ಆ ಮೇಜಿಗೆ ಕರೆದೊಯ್ಯದ ಕೈ, ಯಾವ ಮುಖ ಹೊತ್ತು ಅಲ್ಲಿ ಚಾಚುವುದು? ಹೋಗಿ ಕೊನೆಯ ಬೆಂಚಿನಲ್ಲಿ, ಹಿಂಬಾಗಿಲ ಹತ್ತಿರ ಕೂತೆ. "ಏನಲೇ ಡ್ರೈವರ, ಹಿಂದಿನ ಸೀಟಿಗೆ ಬಂದೀ?" ಎಂದು ರೂತಮ್ಮ ಕೆಣಕಿದಳು. "ನೀ ಯಾಕ ಇಲ್ಲೇ ಕುಂತೀಬೇ?" ಎಂದೆ. ಅವಳು ಮುಖ ತಿರುಗಿಸಿಕೊಂಡಳು. ಆಗ ನನಗೆ ಕಂಡಿತು. ಎಲ್ಲರೂ ಎದ್ದು ಮುಂದೆ ಹೋದ ಮೇಲೆ ಅವಳು ಕೂತೇ ಇದ್ದಳು. ಬಂಡ್ರಿಯಿಂದ ಬಂದು ನಮ್ಮೂರಿನ ಅಳಿಯನಾಗಿರುವ ದಾನೇಲಪ್ಪನೂ ಕೂತೇ ಇದ್ದ. ಗಣಿಯ ಕೆಲಸದಲ್ಲಿ ಎರಡು ಬೆರಳು ಹೋದ ಬಲಗೈಯನ್ನು ಟವೆಲ್ಲಿನೊಳಗೆ ಮುಚ್ಚಿಕೊಂಡಿದ್ದ. ಮುಂದಿನ ಸಾಲಿನಲ್ಲಿ ಇಷ್ಟು ವರ್ಷ ಕೂತವನಿಗೆ ಇವರು ಕಂಡೇ ಇರಲಿಲ್ಲ. ನಿನಗೆ ಪ್ರತಿ ತಿಂಗಳೂ ಕಾಣುತ್ತಿದ್ದುದು ಇದೇ ಅಲ್ಲವೇ, ಎದ್ದು ಹೋಗುವವರ ಬೆನ್ನು?

ಆ ಬೆಂಚಿನಲ್ಲಿ ಕೂತು ಬಹಳ ಯೋಚಿಸಿದೆ. ದೇವರ ಪ್ರೀತಿಗೆ ಪರೀಕ್ಷೆ ಕಟ್ಟಿ ಪಾಸಾಗಬೇಕು ಎಂದು ನಿನಗೆ ಯಾರೂ ಹೇಳಿಕೊಡಲಿಲ್ಲ. ಹಾಗೇನಿಲ್ಲ ಎಂದೂ ಯಾರೂ ಹೇಳಲಿಲ್ಲ. ಗದ್ದೆಯಲ್ಲಿ ದುಡಿಯುವವಳು, ಅಕ್ಷರ ಬಾರದವಳು, ತೊಳೆಯುವುದಕ್ಕೂ ಬಡಿಸುವುದಕ್ಕೂ ಸರಿ, ಕೂತು ಉಣ್ಣುವುದು ದೊಡ್ಡವರಿಗೆ ಎಂದು ನೀನೇ ತೀರ್ಮಾನ ಮಾಡಿಕೊಂಡೆ. ನಿನ್ನನ್ನು ದೂರ ಇಟ್ಟವನು ಆತನಲ್ಲ, ದೊಡ್ಡವ್ವಾ. ಆತ ನಿನ್ನ ಹೆಸರನ್ನು ಬಲ್ಲ, ಸಸಿ ಹಿಡಿದು ಸವೆದ ನಿನ್ನ ಹೆಬ್ಬೆರಳನ್ನು ಬಲ್ಲ. ಒಬ್ಬ ಮನುಷ್ಯನ ಬೆಲೆ ಆತನಿಗೆ ಗೊತ್ತಾಗಲು ನಾಲ್ಕನೆಯ ಸಾಲು ಬೇಕೇ? ಈಗ ನೀನು ಎಲ್ಲಿ ಕೂತಿದ್ದೀ ಎಂಬ ಬಗ್ಗೆ ನನಗೆ ಭಯವಿಲ್ಲ. ನಿನ್ನ ಸ್ವಭಾವ ಗೊತ್ತಿರುವುದರಿಂದ ಒಂದೇ ಅನುಮಾನ: ಅಲ್ಲಿಯೂ ಹೋದೊಡನೆ ಲೋಟ ತೊಳೆಯುವ ಕಡೆಗೇ ನಡೆದಿರುತ್ತೀ. ಸ್ವಾಮಿಯೇ ಎದ್ದು ಬಂದು ಕೈ ಹಿಡಿದಿರಬೇಕು. "ಕೈ ಒದ್ದಿ ಅದಾವ್ರಿ" ಎಂದಿರುತ್ತೀ. "ಇರ್ಲಿ ಬಾರಬೇ" ಎಂದಿರುತ್ತಾನೆ.

ಈ ತಿಂಗಳ ಮೊದಲ ಭಾನುವಾರ ನಡೆದದ್ದನ್ನು ಹೇಳಲೆಂದೇ ಇಷ್ಟೆಲ್ಲ ಬರೆದೆ. ಅಯ್ಯನವರು ಬಂದವರೇ, "ಯೋಸಪ್ಪಣ್ಣ, ಇವತ್ತು ಉಪದೇಶ ನೀವ ಹೇಳ್ರಿ. ನನಗ ಹೇಳಿದ್ರಲ್ಲ, ಅದನ್ನ" ಎಂದರು. ಬಸ್ಸಿನಲ್ಲಿ ಬಾಯಿ ಮುಚ್ಚದ ನಾನು ಅಲ್ಲಿ ಎದ್ದು ನಿಲ್ಲಲು ಹಿಂದೆಮುಂದೆ ನೋಡಿದೆ. ಆದರೂ ಹೇಳಿದೆ, ನೀನು ಹೇಳುವ ಹಾಗೆ, ಏನನ್ನೂ ಬಿಡದೆ. ನಾನು ಮರೆತದ್ದನ್ನೂ. ಮುಗಿದಾಗ ಅಯ್ಯನವರು ಮೇಜಿನಿಂದ ತಟ್ಟೆ ಎತ್ತಿಕೊಂಡರು. ಜನ ಎದ್ದು ಮುಂದೆ ಹೋಗಲು ಸಿದ್ಧರಾದರು. ಅವರು ಕೈ ಸನ್ನೆಯಿಂದ ಕೂರಿಸಿ, ತಾವೇ ನಡುವಿನ ದಾರಿಯಲ್ಲಿ ನಡೆದು ಕೊನೆಯ ಬೆಂಚಿಗೆ ಬಂದರು.

ಮೊದಲು ದಾನೇಲಪ್ಪ. ಅವನು ಎಡಗೈ ಚಾಚಿದ. ಅಯ್ಯನವರು ಅದರ ಮೇಲೆ ಇಡದೆ ಕಾದರು. ಅವನು ಅವರ ಮುಖ ನೋಡಿದ, ಟವೆಲ್ಲು ನೋಡಿದ. ನಿಧಾನವಾಗಿ ಬಲಗೈಯನ್ನು ಹೊರತೆಗೆದ. ಮೂರು ಬೆರಳಿನ ಆ ಅಂಗೈ ಮೇಲೆ ರೊಟ್ಟಿ ಇಟ್ಟರು. ಆಮೇಲೆ ರೂತಮ್ಮನ ಮುಂದೆ ಬಂದರು.

"ನನಗ ಬ್ಯಾಡ್ರಿ."

"ಯಾಕಮ್ಮ?"

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. "ಬಾಯಾಗ ತಂಬಾಕ ಐತ್ರಿ. ಯಾವಾಗ್ಲೂ ಇರತೈತಿ. ಸೊಂಟನೋವಿಗೆ ಹಚ್ಕೊಂಡದ್ದು, ಬಿಡಾಕ ಆಗವಲ್ಲದು. ಬಿಟ್ಟ ಮ್ಯಾಲ ತಗೊಂಡ್ರಾತು ಅಂತ... ಹಂಗ ವರ್ಷಾ ಹೋದ್ವು."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಯ್ಯನವರು ನಗಲಿಲ್ಲ. "ಉಗುಳಿ ಬಾಯಿ ಮುಕ್ಕಳಿಸಿ ಬರ್ರಿ. ಕಾಯ್ತೀವಿ" ಎಂದರು.

ರೂತಮ್ಮ ಸೊಂಟ ಹಿಡಿದುಕೊಂಡು ಎದ್ದು ಹೊರಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಒಂದು ಸಲ ಮುಕ್ಕಳಿಸಿದಳು, ಎರಡು ಸಲ, ನಾಲ್ಕು ಸಲ. ನಮಗೆಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಈಗ ಯಾರೂ ನಗಲಿಲ್ಲ. ದಾನೇಲಪ್ಪ ಅಂಗೈಯಲ್ಲಿನ ರೊಟ್ಟಿಯನ್ನು ತಿನ್ನದೆ ಹಾಗೇ ಹಿಡಿದುಕೊಂಡಿದ್ದ. ಅಯ್ಯನವರು ತಟ್ಟೆ ಹಿಡಿದು ನಿಂತಿದ್ದರು. ಒಬ್ಬ ಕೂಲಿಯ ಮುದುಕಿಗಾಗಿ ಇಡೀ ಸಭೆ ಕಾಯುತ್ತಿತ್ತು, ದೊಡ್ಡವ್ವಾ. ಅವಳು ಬರುವತನಕ ಯಾರೂ ಉಣ್ಣಲಿಲ್ಲ.

ಅವಳು ಬಂದಳು. ಕೈ ಚಾಚಿದಳು. ಅಯ್ಯನವರು ಇಟ್ಟ ಉಗುರಿನಷ್ಟಗಲದ ತುಣುಕನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟ ಏನ್ರಿ? ಇಷ್ಟಕ್ಕ ನಾ ಇಷ್ಟು ವರ್ಷ ಹೆದರಿದ್ದು?"

"ಇಷ್ಟ ಅಮ್ಮ" ಎಂದರು ಅಯ್ಯನವರು.

ರೂತಮ್ಮ 'ಕರುಣಮ್ಮಾ' ಎಂದಳು, ಅಷ್ಟೇ, ಬಾಯಿಗೆ ಹಾಕಿಕೊಂಡಳು. ತಟ್ಟೆ ನನ್ನ ಮುಂದೆ ಬಂತು. ನನ್ನ ಕೈ ಮಡಿಲಿನಲ್ಲೇ ಇತ್ತು. ರೂತಮ್ಮ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದು, "ಚಾಚಲೇ, ಅವರ ಕೈ ನೋಯತೈತಿ" ಎಂದಳು.

ಚಾಚಿದೆ ದೊಡ್ಡವ್ವಾ.

ನಿನ್ನ ಯೋಸಪ್ಪ